ಹಿಂದಿ ಮೇಷ್ಟ್ರ ಪದಗಳು ಮತ್ತು ಒಂದು ಕಾಗೆ ಸುದ್ದಿ

ಕಳೆದ ಆಷಾಢದಲ್ಲಿ ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೊರಟ ಬಸ್ಸಿನಲ್ಲಿ ಕುಳಿತಿದ್ದೆ. ದಾರಿಯಲ್ಲಿ ಚಿಗಟೇರಿ ಕಡೆಯ ಕುರಿಗಾರನೊಬ್ಬ ಹತ್ತಿ ನನ್ನ ಪಕ್ಕದಲ್ಲಿ ಕುಳಿತ. ಅವನ ಹೆಗಲ ಮೇಲಿದ್ದ ಕರಿ ಕಂಬಳಿ ಪೂರ್ತಿ ನೆನೆದಿತ್ತು. ಒದ್ದೆ ಉಣ್ಣೆಯ ವಾಸನೆ ಬಸ್ಸಿನ ತುಂಬ ಹರಡಿತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ನನಗೆ ನೆನಪಾದದ್ದು ಹಳೆಯದೊಂದು ಅಂಕಣದ ಕೊನೆಯ ಸಾಲುಗಳು.

‘ಕಂಬಳಿ. ಹಿಂದಿಯಲ್ಲಿ ಕಂಬಲ್, ಮರಾಠಿಯಲ್ಲಿ ಕಾಂಬಳೆ, ತೆಲುಗಿನಲ್ಲೂ ಕಂಬಳಿ. ಎಲ್ಲಕ್ಕೂ ಸಂಸ್ಕೃತದ ಕಂಬಲ ಮೂಲ ಎನ್ನುತ್ತಾರೆ. ಸಂಸ್ಕೃತಕ್ಕೆ ಅದು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿಲ್ಲ.’

ಬರೆದವರು ದುರುಗಪ್ಪ ಮೇಷ್ಟ್ರು. ಅವರು ಅಂಕಣ ಬರೆದ ವರ್ಷ ನಾನು ಪತ್ರಿಕೆಯೊಂದರ ವರದಿಗಾರನಾಗಿ ಕೊಟ್ಟೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುದ್ದಿಯನ್ನೂ ಒಂದೇ ಬೈಕಿನ ಮೇಲೆ ನೋಡಿಕೊಳ್ಳುತ್ತಿದ್ದೆ. ಜಿಲ್ಲಾ ಪುಟದ ಮೂಲೆ ತುಂಬಲು ವಾರಕ್ಕೊಂದು ಸಣ್ಣ ಅಂಕಣ ಬೇಕು, ರಾಜಕೀಯ ಇರಬಾರದು ಎಂದು ಡೆಸ್ಕಿನವರು ಹೇಳಿದ್ದರು. ಮೇಷ್ಟ್ರು ಆಗ ಹಿಂದಿ ಶಿಕ್ಷಕರಾಗಿ ನಿವೃತ್ತರಾಗಿದ್ದರು. ಹಿರೇಹಡಗಲಿ, ಕೋಗಳಿ, ಹರಪನಹಳ್ಳಿ ಹೀಗೆ ವರ್ಗವಾದಲ್ಲೆಲ್ಲ ಪದ ಹೆಕ್ಕಿಕೊಂಡು ಬಂದವರು. ಬೇರೆ ಬೇರೆ ಭಾಷೆಯಲ್ಲಿ ಒಂದೇ ಥರ ಕಾಣುವ ಪದಗಳು, ಅವುಗಳ ಅರ್ಥ, ಅವು ಬಂದ ದಾರಿ: ಅವರ ಆಸಕ್ತಿ ಇಷ್ಟೇ. ಅಂಕಣಕ್ಕೂ ಇದೇ ವಿಷಯವಾಯಿತು.

ಅವರ ಮನೆಗೆ ಮೊದಲ ಸಲ ಹೋದಾಗ ಹಿರೇಹಡಗಲಿಯಲ್ಲಿ ತೆಗೆದುಕೊಂಡ ಮೊದಲ ತರಗತಿಯ ಕಥೆ ಹೇಳಿದರು.

“ಬೋರ್ಡಿನ ಮ್ಯಾಲೆ ಊಂಟ್ ಅಂತ ಬರದೆ. ‘ಊಟ ಅಲ್ಲೇನ್ರಿ ಸರ್ ಅದು’ ಅಂತ ಹುಡುಗ್ರು ಖುಷಿ ಆದ್ರು. ಡುಬ್ಬದ ಒಂಟಿ ಅಂತ ಗೊತ್ತಾದ ಮ್ಯಾಲೆ ಸಪ್ಪಗಾದ್ರು. ಊಟ ಅನ್ನೋದು ಉಣ್ಣು ಅನ್ನೋದರಿಂದ ಬಂದೈತಿ, ನಮ್ದು. ಊಂಟ್ ಬಂದಿದ್ದು ಸಂಸ್ಕೃತದ ಉಷ್ಟ್ರದಿಂದ. ಮುಖ ಒಂದ ಥರ ಐತಿ, ಆದರ ಎರಡೂ ಬೀಗರಲ್ಲ.”

“ಬೀಗರು ಅಂತ ತಿಳಕೊಂಡು ಮನಿಗೆ ಕರಕೊಂಡು ಬರೋದ ಇವರ ಕೆಲಸ,” ಎಂದು ಒಳಗಿನಿಂದ ಹುಲಿಗೆಮ್ಮ ಹೇಳಿದರು. ಮೇಷ್ಟ್ರ ಹೆಂಡತಿ. ಮಕ್ಕಳಿರಲಿಲ್ಲ. ಕೇರಿಯಲ್ಲಿ ಮೊದಲು ಸಂಬಳದ ನೌಕರಿ ಕಂಡ ಮನೆ ಅದು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅಡುಗೆಮನೆಯ ಗೂಡಿನಲ್ಲಿ ಹುಲಿಗೆಮ್ಮನವರ ತವರಿನ ದೇವರೂ ಇತ್ತು. ಇಬ್ಬರ ನಡುವೆ ಒಪ್ಪಂದವಾಗಿತ್ತು. ಪಡಸಾಲೆ ಅವರದು, ಅಡುಗೆಮನೆ ಇವರದು.

ಮೇಷ್ಟ್ರ ಕೆಲಸದ ಕ್ರಮ ನನಗೆ ಹಿಡಿಸಿತ್ತು. ಪತ್ರಿಕೆಯಲ್ಲಿ ನಮಗೆ ಕಲಿಸಿದ್ದು, ಒಬ್ಬ ಹೇಳಿದ್ದು ಸುದ್ದಿಯಲ್ಲ, ಇನ್ನೊಬ್ಬನನ್ನೂ ಕೇಳು ಎಂದು. ಮೇಷ್ಟ್ರು ನಿಘಂಟು ನೋಡಿದರೂ ಸಮಾಧಾನಪಡುತ್ತಿರಲಿಲ್ಲ. ಆ ಭಾಷೆ ಆಡುವ ಒಬ್ಬರ ಬಾಯಿಂದ ಪದ ಕೇಳಿಸಿಕೊಳ್ಳಬೇಕು. ಉರ್ದುವಿಗೆ ಪಕ್ಕದ ಮನೆಯ ದರ್ಜಿ ಖಾದರ್ ಸಾಬ್ ಇದ್ದರು. ಬಂಗಾಳಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಟೈಲ್ಸ್ ಹಾಕುವ ಕೆಲಸಗಾರರು. ತೆಲುಗಿಗೆ ತಂಗಿ ಹನುಮಕ್ಕ. ಆಕೆಯನ್ನು ಆಂಧ್ರದ ಗಡಿಯಾಚೆ ರಾಯದುರ್ಗಕ್ಕೆ ಕೊಟ್ಟು ಬಹಳ ಕಾಲವಾಗಿತ್ತು. ಗಂಡ ತೀರಿಕೊಂಡಿದ್ದ. ಮಗ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದ. ತಾನು ಹೊಲದ ಕೂಲಿಗೆ ಹೋಗುತ್ತಿದ್ದಳು. ಮೇಷ್ಟ್ರಿಗೆ ರಕ್ತಸಂಬಂಧ ಎಂದು ಉಳಿದಿದ್ದವಳು ಅವಳೊಬ್ಬಳೇ. ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಕೂರುತ್ತಿದ್ದರು.

“ಹನುಮಿ, ಅವಸರಂ ಅಂದ್ರ ಏನಬೇ ನಿಮ್ಮಲ್ಲಿ?”

“ಬೇಕು ಅನ್ನೋದು. ರೊಕ್ಕ ಅವಸರಂ, ಅಂದ್ರ ರೊಕ್ಕ ಬೇಕು ಅಂತ. ಯಾಕ, ಕಳಸ್ತೀಯೇನು?”

“ಹಿಂದ್ಯಾಗ ಅವಸರ್ ಅಂದ್ರ ಒಳ್ಳೆ ಸಮಯ, ಅವಕಾಶ. ನಮ್ಮಲ್ಲಿ ಗಡಿಬಿಡಿ. ಮೂರೂ ಒಂದ ತಾಯಿ ಮಕ್ಕಳು.”

“ಆ ತಾಯಿಗೆ ಎಷ್ಟು ತ್ರಾಸಾಗಿರಬೇಕು,” ಎಂದಳು ಹನುಮಕ್ಕ. ಆ ಮಾತನ್ನು ಮೇಷ್ಟ್ರು ಅಂಕಣದಲ್ಲಿ ಹಾಗೆಯೇ ಹಾಕಿದರು.

ಶಿಕ್ಷೆಯ ಬಗ್ಗೆ ಬರೆದದ್ದು ಜನರಿಗೆ ಇಷ್ಟವಾಯಿತು. ಹಿಂದಿಯಲ್ಲಿ ಅದು ವಿದ್ಯೆ, ನಮ್ಮಲ್ಲಿ, ತೆಲುಗಿನಲ್ಲಿ, ಮರಾಠಿಯಲ್ಲಿ ದಂಡನೆ. ‘ನಾನು ಹಿಂದಿ ಮೇಷ್ಟ್ರಾಗಿ ಎರಡನ್ನೂ ಕೊಟ್ಟಿದ್ದೇನೆ’ ಎಂದು ಮುಗಿಸಿದ್ದರು. ಶರಣಾರ್ಥಿಯ ಬಗ್ಗೆ ಬರೆದದ್ದಕ್ಕೆ ತಕರಾರು ಬಂತು. ಕೊಟ್ಟೂರಿನಲ್ಲಿ ‘ಶರಣು ಶರಣಾರ್ಥಿ’ ಎಂದರೆ ನಮಸ್ಕಾರ. ಹಿಂದಿಯಲ್ಲಿ ಶರಣಾರ್ಥಿ ಎಂದರೆ ನೆಲೆ ಕಳೆದುಕೊಂಡು ಬಂದ ನಿರಾಶ್ರಿತ. ನಮ್ಮ ನಮಸ್ಕಾರವನ್ನು ಗುಡಿಸಲು ಕಳೆದುಕೊಂಡವರಿಗೆ ಹೋಲಿಸಿದ್ದಾರೆ ಎಂದು ಇಬ್ಬರು ಬಂದು ನನ್ನ ಕೋಣೆಯಲ್ಲಿ ಕುಳಿತರು. ಮೇಷ್ಟ್ರನ್ನು ಕರೆಸಿದೆ. “ಇಬ್ಬರೂ ಆಸರೆ ಕೇಳಾಕ ಬಂದೋರು. ಒಬ್ಬ ದೇವರನ್ನ ಕೇಳ್ತಾನ, ಇನ್ನೊಬ್ಬ ಮನುಷ್ಯರನ್ನ. ಯಾರಿಗೆ ಮೊದಲು ಸಿಗ್ತೈತಿ ಅಂತ ನಾ ಬರದಿಲ್ಲ ಬಿಡ್ರಿ,” ಎಂದರು. ಬಂದವರು ಟೀ ಕುಡಿದು ಹೋದರು.

ಇಷ್ಟು ಹಗುರವಾಗಿ ಕಳೆದ ವರ್ಷವಲ್ಲ ಅದು. ಮಳೆ ಬೇಗ ಹಿಡಿಯಿತು, ಬಿಡಲಿಲ್ಲ. ನಮ್ಮ ಕಡೆ ಮಳೆ ಬರಲಿಲ್ಲ ಎಂದು ಬರೆಯುವುದು ರೂಢಿ. ಆ ವರ್ಷ ನಾನು ಬರೆದದ್ದು ಬೇರೆ. ಮಣ್ಣಿನ ಗೋಡೆ ಕುಸಿದು ಮಲಗಿದ್ದಲ್ಲೇ ಸತ್ತವರು. ಸಿಡಿಲಿಗೆ ಒಟ್ಟಿಗೆ ಬಿದ್ದ ಕುರಿಗಳು, ಅವುಗಳ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತೇ ಇದ್ದ ಕುರಿಗಾರ. ಮುಟ್ಟಿದಾಗಲೇ ಅವನೂ ಹೋಗಿದ್ದಾನೆ ಎಂದು ಗೊತ್ತಾದದ್ದು. ಹಳ್ಳ ದಾಟಲು ಹೋಗಿ ಕೊಚ್ಚಿಹೋದ ಒಬ್ಬ ತಾಯಿ. ಸುದ್ದಿ ಮಾಡಿ ಮಾಡಿ, ಹೆಣದ ಮನೆಯಲ್ಲಿ ಎಲ್ಲಿ ನಿಲ್ಲಬೇಕು, ಯಾರನ್ನು ಮೊದಲು ಕೇಳಬೇಕು ಎಂಬುದು ಕೈವಶವಾಗಿಬಿಟ್ಟಿತ್ತು.

ಅಂಥ ಒಂದು ದಿನ ಒದ್ದೆಯಾಗಿ ಬಂದವನು ಖಾದರ್ ಸಾಬರ ಅಂಗಡಿಯಲ್ಲಿ ಕುಳಿತಿದ್ದೆ. ಮೇಷ್ಟ್ರೂ ಇದ್ದರು.

“ಏನು ಖಬರ್?” ಎಂದರು ಖಾದರ್ ಸಾಬ್.

ಹಳ್ಳದ ಸುದ್ದಿ ಹೇಳಿದೆ. ಅವರು ಹೊಲಿಗೆ ಮಿಷನ್ ತುಳಿಯುವುದನ್ನು ನಿಲ್ಲಿಸಿದರು. ಮೇಷ್ಟ್ರು ಕೇಳಿದರು: “ಸಾಬ್ರ, ಸುದ್ದಿ ಅನ್ನೋ ಖಬರ್ ಬ್ಯಾರೆ, ಗೋರಿ ಅನ್ನೋದು ಬ್ಯಾರೆ ಹೌದಲ್ಲ?”

“ಬ್ಯಾರೆ. ಅದು ಖಬರ್, ಇದು ಕಬ್ರ್. ಅರಬ್ಬಿ ಅಕ್ಷರಾನ ಬ್ಯಾರೆ. ಇದು ಗಂಟಲಿನ ತಳದಿಂದ ಬರ್ಬೇಕು. ನಮ್ಮ ಬಾಯಾಗ ಸೈತ ಈಗ ಎರಡೂ ಒಂದ ಆಗ್ಯಾವ.”

“ನಮ್ಮ ಕನ್ನಡ ಎರಡಕ್ಕೂ ಒಂದ ಬಾಗಿಲು ತೆಗದೈತಿ,” ಎಂದರು ಮೇಷ್ಟ್ರು. ಅದನ್ನು ಬರೆಯಿರಿ ಎಂದೆ. “ಈ ಮಳಿಗಾಲದಾಗ ಬ್ಯಾಡ. ಓದೋರ ಮನ್ಯಾಗ ಯಾರ್‍ಯಾರು ಹೋಗ್ಯಾರೋ,” ಎಂದರು. ಬರೆಯಲಿಲ್ಲ.

ಆಷಾಢದ ನಡುವೆ ಒಂದು ಬೆಳಿಗ್ಗೆ ನನ್ನ ಫೋನಿಗೆ ಮೇಷ್ಟ್ರ ಫೋಟೊ ಬಂತು. ಸುತ್ತ ಹೂವಿನ ಚೌಕಟ್ಟು, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಯಾರೋ ಹಾಕಿದ್ದರು. ಅದರ ಹಿಂದೆಯೇ ಡೆಸ್ಕಿನಿಂದ ಕರೆ.

“ನಮ್ಮ ಅಂಕಣಕಾರರಂತಲ್ಲ. ಒಂದು ಕಾಲಂ ಕೊಡಿ, ಫೋಟೊ ಇದೆ.”

“ನೋಡಿ ಹೇಳ್ತೀನಿ,” ಎಂದು ಬೈಕು ತೆಗೆದೆ.

ಮೇಷ್ಟ್ರು ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಟೀ ಕುಡಿಯುತ್ತಿದ್ದರು. “ಏನ್ರಿ, ಇಷ್ಟು ಗಡಿಬಿಡಿ?” ಎಂದರು. ಫೋನ್ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ತಮ್ಮ ಫೋಟೊವನ್ನೇ ನೋಡಿದರು. ಆಮೇಲೆ ತಿರುಗಿ ಒಳಗೆ ನೋಡಿದರು. ಹುಲಿಗೆಮ್ಮ ಬಾಗಿಲ ಹಿಂದೆ ಸರಿದರು.

ನಡೆದದ್ದನ್ನು ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಂಡೆ. ಹಿಂದಿನ ದಿನ ಇದೇ ಕಟ್ಟೆಯ ಮೇಲೆ ಕುಳಿತಿದ್ದಾಗ ಬೇವಿನ ಮರದ ಕಾಗೆ ಬಂದು ಮೇಷ್ಟ್ರ ತಲೆಗೆ ಬಡಿದು ಹೋಗಿತ್ತು. ನಮ್ಮ ಕಡೆ ಅದು ಸಾವಿನ ಕರೆ. ತಪ್ಪಿಸಲು ಒಂದು ದಾರಿಯುಂಟು. ದೂರದಲ್ಲಿರುವ ರಕ್ತಸಂಬಂಧಿಗೆ ಆ ಮನುಷ್ಯ ಸತ್ತನೆಂದು ಹೇಳಿಕಳಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಅತ್ತರೆ ಸಾವು ಬಂದು ಹೋದ ಲೆಕ್ಕ. ಆಮೇಲೆ ಸುಳ್ಳು ಎಂದು ಹೇಳಿ ಅತ್ತವರ ಬಾಯಿಗೆ ಬೆಲ್ಲ ಹಾಕಬೇಕು.

“ಕಾಗಿ ಬಡಿದಿದ್ದು ಕಂಬಳಿಗೆ, ನನ್ನ ತಲಿಗಲ್ಲ,” ಎಂದು ಮೇಷ್ಟ್ರು ವಾದಿಸಿದ್ದರಂತೆ.

“ಕಂಬಳಿ ಒಳಗ ಯಾರ ತಲಿ ಇತ್ತು? ಖಾದರ್ ಸಾಬಂದಾ?”

“ಲೇ ಹುಲಿಗಿ, ಗಿಡದಾಗ ಮರಿ ಮಾಡೈತಿ ಅದು. ಹತ್ರ ಬಂದೋರಿಗೆಲ್ಲ ಬಡಿತೈತಿ. ನನ್ನ ಆಯುಷ್ಯ ಕಟಗೊಂಡು ಅದಕ್ಕೇನಾಗ್ಬೇಕು?”

 ಬೆಳಗಾದ ಮೇಲೆ ಹುಲಿಗೆಮ್ಮ ಖಾದರ್ ಸಾಬರ ಅಂಗಡಿಗೆ ಹೋಗಿ, “ಅಣ್ಣ, ನನ್ನ ಬಾಯಿಂದ ಆ ಮಾತು ಹೊಂಡಾಂಗಿಲ್ಲ. ನೀ ಹೇಳು,” ಎಂದು ಕೈ ಹಿಡಿದರಂತೆ. ಖಾದರ್ ಸಾಬ್ ಒಪ್ಪಿದರು. ಹನುಮಕ್ಕನಿಗೆ ಫೋನ್ ಮಾಡಿ ಎಂಥ ದನಿ ತೆಗೆದು ಅತ್ತರೆಂದರೆ, ಅಂಗಡಿಗೆ ಪ್ಯಾಂಟು ಕೊಡಲು ಬಂದಿದ್ದ ಮೇಷ್ಟ್ರ ಹಳೆಯ ವಿದ್ಯಾರ್ಥಿ ಅದನ್ನು ಕೇಳಿ ನಂಬಿಬಿಟ್ಟ. ಹೂವಿನ ಚೌಕಟ್ಟು ಅವನದು.

ಡೆಸ್ಕಿಗೆ ಫೋನ್ ಮಾಡಿ, ಬದುಕಿದ್ದಾರೆ ಎಂದು ಹೇಳಿದೆ. ಮೇಷ್ಟ್ರು ತಂಗಿಗೆ ಫೋನ್ ಹಚ್ಚಿದರು. ಎತ್ತಲಿಲ್ಲ. ಅವಳು ಆಗಲೇ ಬಸ್ಸಿನಲ್ಲಿದ್ದಳು. ರಾಯದುರ್ಗದಿಂದ ಬಳ್ಳಾರಿ, ಅಲ್ಲಿಂದ ಕೂಡ್ಲಿಗಿ, ಕೂಡ್ಲಿಗಿಯಿಂದ ಕೊಟ್ಟೂರು. ಅಷ್ಟು ದಾರಿ ಅವಳು ಅಳುತ್ತಾ ಬರುತ್ತಿದ್ದಾಳೆ ಎಂಬುದು ಮೇಷ್ಟ್ರನ್ನು ಕೂರಗೊಡಲಿಲ್ಲ. “ಮನಿತನಕ ಅಳಸೋದು ಬ್ಯಾಡ. ನಡೀರಿ,” ಎಂದು ನನ್ನ ಬೈಕು ಹತ್ತಿದರು. ಬಸ್ ನಿಲ್ದಾಣದಲ್ಲಿ ಕೂಡ್ಲಿಗಿ ಕಡೆಯಿಂದ ಬರುವ ಪ್ರತಿ ಬಸ್ಸಿನ ಬಾಗಿಲಿಗೂ ಛತ್ರಿ ಹಿಡಿದು ಹೋಗಿ ನಿಂತರು.

ಮಧ್ಯಾಹ್ನ ಇಳಿದಳು. ತಲೆಗೂದಲು ಬಿಚ್ಚಿಹೋಗಿತ್ತು. ಅಣ್ಣನನ್ನು ಕರೆಕರೆದು ಅಳುತ್ತಿದ್ದವಳನ್ನು ಇಬ್ಬರು ಹೆಂಗಸರು ತೋಳು ಹಿಡಿದು ಇಳಿಸುತ್ತಿದ್ದರು. ಎದುರಿಗೆ ನಿಂತ ಅಣ್ಣನನ್ನು ನೋಡಿ ಅವಳು ಮೊದಲು ಕಿರುಚಿದಳು. ಆಮೇಲೆ ಕೆಸರಿನಲ್ಲೇ ಕುಳಿತಳು. ಎದ್ದವಳು ಎರಡೂ ಮುಷ್ಟಿಯಿಂದ ಅವರ ಎದೆಗೆ ಗುದ್ದಿದಳು. ಮೇಷ್ಟ್ರು ಛತ್ರಿಯನ್ನು ಅವಳ ತಲೆಯ ಮೇಲೇ ಹಿಡಿದುಕೊಂಡು ಗುದ್ದಿಸಿಕೊಂಡರು. ಮೊದಲು ನಕ್ಕವರು ಅಣ್ಣನೋ ತಂಗಿಯೋ ಗೊತ್ತಾಗಲಿಲ್ಲ.

ಮನೆಯಲ್ಲಿ ಹುಲಿಗೆಮ್ಮ ಹೊಸ್ತಿಲಲ್ಲೇ ಕಾದಿದ್ದರು. ಸೆರಗಿನ ತುದಿಯ ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದರು.

“ಸುಳ್ಳು ಹನುಮವ್ವ, ಸುಳ್ಳು. ಕಾಗಿ ಮುಟ್ಟಿತ್ತು. ಬಾಯಿ ತೆಗಿ.”

ಹನುಮಕ್ಕ ಬಾಯಿ ತೆರೆದಳು. ಬೆಲ್ಲ ಚೀಪುತ್ತಲೇ ಬೈದಳು: “ಇದೇನು ಚ್ಯಾಷ್ಟಿ ಅತ್ತಿಗಿ! ದಾರ್‍ಯಾಗ ನನ್ನ ಎದಿ ಒಡದಿದ್ರ? ಇನ್ನ ಖರೇನ ಸತ್ತರೂ ನಾ ಬರಾಂಗಿಲ್ಲ ನೋಡು.” ಎಲ್ಲರೂ ನಕ್ಕರು. ಖಾದರ್ ಸಾಬ್ ನಾಚಿಕೊಂಡು ಅಂಗಡಿಯಿಂದ ಹೊರಗೆ ಬರಲಿಲ್ಲ. ಹನುಮಕ್ಕನೇ ಹೋಗಿ, “ಖಾದರಣ್ಣ, ಎಷ್ಟು ಚಲೋ ಅತ್ತಿ. ನಾಟಕ ಕಂಪನಿ ಬಿಟ್ಟು ಇಲ್ಲಿ ಗುಂಡಿ ಹಚಗೊಂತ ಕುಂತೀಯಲ್ಲ,” ಎಂದಳು.

ಆ ವಾರದ ಪದ ಚೇಷ್ಟೆ. ಕನ್ನಡದಲ್ಲಿ ಕಿತಾಪತಿ, ಸಂಸ್ಕೃತದಲ್ಲಿ ಪ್ರಯತ್ನ. ಹಗರಿಬೊಮ್ಮನಹಳ್ಳಿಯ ಬಂಗಾಳಿ ಕೆಲಸಗಾರ ಹೇಳಿದ್ದು, ‘ಚೇಷ್ಟಾ ಮಾಡುತ್ತೇನೆ ಎಂದರೆ ನಮ್ಮಲ್ಲಿ ಆದಷ್ಟು ಪ್ರಯತ್ನಪಡುತ್ತೇನೆ ಎಂದರ್ಥ’. ಕಾಗೆಯ ವಿಷಯ ಮೇಷ್ಟ್ರು ಬರೆಯಲಿಲ್ಲ. ಅಂಕಣವನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದರು ಎಂದು ಮಾತ್ರ ಗೊತ್ತು.

ಇದಾದ ಮೇಲೆ ಭಾನುವಾರದ ಕರೆ ಬದಲಾಯಿತು. ಹನುಮಕ್ಕ ಫೋನ್ ಎತ್ತಿದ ಕೂಡಲೇ, “ಯಾರು, ಅಣ್ಣನಾ? ಬದುಕಿ ಅದೀಯಾ?” ಎನ್ನುತ್ತಿದ್ದಳು. ಮೇಷ್ಟ್ರು ಮುಖ ಗಂಟಿಕ್ಕಿಕೊಂಡು, ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, “ಇಲ್ಲಬೇ, ಸತ್ತೀನಿ. ಮಣ್ಣಿಗೆ ಬಾ,” ಎನ್ನುತ್ತಿದ್ದರು. “ಬಸ್ ಚಾರ್ಜು ಕಳಸು, ಬರ್ತೀನಿ.” “ಸತ್ತೋರು ಹೆಂಗ ಕಳಸ್ತಾರ?” “ಫೋನು ಹೆಂಗ ಮಾಡ್ತಾರ?” ಆಮೇಲೆ ಪದ ಕೇಳುವುದು. ಪಕ್ಕದಲ್ಲಿ ಕುಳಿತು ನಾನೇ ಎಷ್ಟೋ ಸಲ ಕೇಳಿದ್ದೇನೆ. ಅವಳ ಓಣಿಯವರಿಗೆಲ್ಲ ಈ ಆಟ ಗೊತ್ತಾಗಿತ್ತು. ಹಿಂದಿನಿಂದ ಯಾರೋ ತೆಲುಗಿನಲ್ಲಿ ನಗುವುದು ಸ್ಪೀಕರಿನಲ್ಲಿ ಕೇಳುತ್ತಿತ್ತು. ಹುಲಿಗೆಮ್ಮ ಮಾತ್ರ ಆ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. “ಅಂಥಾ ಮಾತು ಆಡಬಾರದು. ಒಂದು ಸಲಕ್ಕ ಅಷ್ಟ ಐತಿ ಅದು,” ಎಂದು ಒಮ್ಮೆ ಹೇಳಿದ್ದರು.

ಶ್ರಾವಣ ಮುಗಿಯುತ್ತ ಬಂದಿತ್ತು. ಮೇಷ್ಟ್ರು ಹಿಡಿದಿದ್ದ ಪದ ಸಂಸಾರ. ನಮಗೆ ಅದು ಹೆಂಡತಿ ಮಕ್ಕಳು. ಹಿಂದಿಯಲ್ಲಿ ಇಡೀ ಜಗತ್ತು. ಅವರು ಓದುತ್ತಿದ್ದ ಪಾಲಿ ಪುಸ್ತಕದಲ್ಲಿ ಹುಟ್ಟು ಸಾವಿನ ಸುತ್ತು. ಮಲಯಾಳದಲ್ಲಿ ಬರೀ ಮಾತು, ಮಾತುಕತೆ ಎಂದು ನಿಘಂಟು ಹೇಳುತ್ತಿತ್ತು. ಅದು ಅವರಿಗೆ ನಂಬಿಕೆಯಾಗಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಕೇರಳದವನ ಬೇಕರಿಯೊಂದಿದೆ, ಹೋಗಿ ಅವನ ಬಾಯಿಂದಲೇ ಕೇಳಿ ಬರುತ್ತೇನೆ ಎಂದರು. ಬೈಕಿನಲ್ಲಿ ಬಿಡುತ್ತೇನೆ ಎಂದೆ. “ಮಳಿ ಐತಿ. ಬಸ್ಸು ಬೆಚ್ಚಗಿರ್ತೈತಿ,” ಎಂದರು.

ಮರುದಿನ ಬೆಳಿಗ್ಗೆ ಬಸ್ಸು ಕೊಟ್ಟೂರು ನಿಲ್ದಾಣದಲ್ಲಿ ನಿಂತಿದ್ದಾಗಲೇ ಮೇಷ್ಟ್ರು ಕಿಟಕಿಗೆ ತಲೆಯಾನಿಸಿದ್ದರು. ಕಂಡಕ್ಟರ್ ಟಿಕೆಟ್ ಕೇಳಿದ, ನಿದ್ದೆ ಎಂದುಕೊಂಡು ಮುಂದೆ ಹೋದ. ತಿರುಗಿ ಬಂದು ಭುಜ ಮುಟ್ಟಿದಾಗ ಅವರು ಪಕ್ಕಕ್ಕೆ ವಾಲಿದರು. ಖಾದರ್ ಸಾಬ್ ನನಗೆ ಫೋನ್ ಮಾಡಿದರು. ಆಸ್ಪತ್ರೆಗೆ ಹೋದೆ. ವೈದ್ಯರು, “ಇಲ್ಲಿಗೆ ತರೋದಕ್ಕೆ ಮುಂಚೆಯೇ ಜೀವ ಹೋಗಿದೆ, ಹೃದಯಾಘಾತ,” ಎಂದರು. ಇನ್ನೊಬ್ಬರನ್ನು ಕೇಳುವ ಅಗತ್ಯವಿರಲಿಲ್ಲ. ಎದುರಿಗೇ ಮಲಗಿಸಿದ್ದರು. ಮೈಮೇಲೆ ಕಂಬಳಿಯಿತ್ತು, ಒಣಗಿಯೇ ಇತ್ತು.

ಮನೆಗೆ ತಂದು, ನಮ್ಮ ಕಡೆಯ ಪದ್ಧತಿಯಂತೆ ಗೋಡೆಗೆ ಆನಿಸಿ, ಹಣೆಗೆ ಬಟ್ಟೆ ಕಟ್ಟಿ ಪಡಸಾಲೆಯಲ್ಲಿ ಕೂರಿಸಿದರು. ಹುಲಿಗೆಮ್ಮ ಅಳುವುದಕ್ಕೆ ಮೊದಲು ಕೇಳಿದ್ದು, “ಹನುಮವ್ವಗ ಹೇಳಿದ್ರಾ?”

ತಾವೇ ಫೋನ್ ಹಚ್ಚಿದರು. ರೂಢಿಯಂತೆ ಸ್ಪೀಕರ್ ಆನ್ ಆಗಿಯೇ ಇತ್ತು.

“ಹನುಮವ್ವ, ನಿಮ್ಮಣ್ಣ ಹೋದ್ರು,” ಎಂದು ಮುಂದೆ ಮಾತು ಹೊರಡದೆ ಅತ್ತರು.

ಆ ಕಡೆಯಿಂದ ನಗು ಬಂತು. “ಯಾ ಕಾಗಿ ಅತ್ತಿಗಿ ಈ ಸಲ? ಅದ ಕಾಗಿನಾ, ಅದರ ಮರಿನಾ?”

ಪಡಸಾಲೆಯಲ್ಲಿ ಕುಳಿತಿದ್ದ ಹೆಂಗಸರು ಅಳು ನಿಲ್ಲಿಸಿದರು. ಖಾದರ್ ಸಾಬ್ ಫೋನ್ ಇಸಿದುಕೊಂಡರು. “ಅಮ್ಮಾ ಹನುಮಕ್ಕ, ಅಲ್ಲಾನ ಆಣಿ ಮಾಡಿ ಹೇಳ್ತೀನಿ. ಮೇಷ್ಟ್ರು ಇಲ್ಲ. ಹೊರಡವ್ವ.”

“ಖಾದರಣ್ಣ, ಹೋದ ಸಲ ಎಷ್ಟು ಚಲೋ ಅತ್ತಿದ್ದಿ. ಈ ಸಲ ಬರೇ ಒಣಾ ಒಣಾ ಐತಿ. ಕಳೆ ತೆಗಿಯಾಕ ಹೊಂಟೀನಿ, ಗಾಡಿ ಬಂದೈತಿ. ಸಂಜಿಗೆ ಮಾತಾಡೂಣು.”

ಖಾದರ್ ಸಾಬ್ ಫೋನನ್ನು ನನ್ನ ಕೈಗೆ ಕೊಟ್ಟರು. “ನೀವು ಹೇಳ್ರಿ. ಪೇಪರ್‌ನವರು ಅಂದ್ರ ನಂಬ್ತಾಳ.”

ನಾನು ಯಾರೆಂದು ಹೇಳಿದೆ. ಮೇಷ್ಟ್ರು ಬೆಳಿಗ್ಗೆ ಬಸ್ಸಿನಲ್ಲಿ ತೀರಿಕೊಂಡರು, ವೈದ್ಯರು ಹೇಳಿದ್ದಾರೆ, ನಾನೇ ನೋಡಿದ್ದೇನೆ ಎಂದೆ. ಸುದ್ದಿ ಬರೆಸುವಾಗಿನ ನನ್ನ ಎಂದಿನ ದನಿಯೇ ಅದು. ಅವಳ ನಗು ನಿಂತಿತು. ನಂಬಿದಳು ಎಂದುಕೊಂಡೆ.

“ನಿಮಗೂ ಕಲಿಸಿಬಿಟ್ಟನೇನ್ರಿ?” ಎಂದಳು. “ವಾರಾ ವಾರಾ ಸತ್ತೀನಿ ಅಂತ ತಾನ ಹೇಳ್ತಾನಲ್ಲ, ಇವತ್ತ್ಯಾಕ ನೀವು? ಅಣ್ಣಗ ಫೋನ್ ಕೊಡ್ರಿ. ಅವನ ಬಾಯಿಂದ ಕೇಳ್ತೀನಿ.”

ಫೋನ್ ಹಿಡಿದುಕೊಂಡು ನಾನು ಮೇಷ್ಟ್ರ ಕಡೆ ನೋಡಿದೆ. ಅಲ್ಲಿದ್ದವರೆಲ್ಲ ನೋಡಿದರು.

“ಕೊಡ್ರಿ ಅಂದ್ರ. ಅಣ್ಣ… ಏ ಅಣ್ಣ…” ಎಂದು ಎರಡು ಸಲ ಕರೆದಳು. ಗಾಡಿಯ ಹಾರ್ನ್ ಕೇಳಿಸಿತು. ನಕ್ಕಳು, ಕರೆ ಮುಗಿಯಿತು.

ಮತ್ತೆ ಹಚ್ಚಿದಾಗ ರಿಂಗಾಗುತ್ತಲೇ ಇತ್ತು. ಅದು ಬಟನ್ ಫೋನು. ಕೂಲಿಗೆ ಹೋಗುವಾಗ ಮನೆಯಲ್ಲೇ ಇಟ್ಟು ಹೋಗುತ್ತಾಳೆ ಎಂದು ಹುಲಿಗೆಮ್ಮ ಹೇಳಿದರು. ಅವಳ ಮಗನ ಫೋನಿಗೆ ಕರೆ ಹೋಗಲಿಲ್ಲ. ಜೀನ್ಸ್ ಹೊಲಿಯುವಲ್ಲಿ ಕೆಲಸ ಬಿಡುವ ತನಕ ಫೋನ್ ಒಳಗೆ ಬಿಡುವುದಿಲ್ಲ. ನಾನು ಮೇಷ್ಟ್ರ ಫೋಟೊ ತೆಗೆದು ಅವನಿಗೆ ಕಳಿಸಿದೆ. ಹೂವಿನ ಚೌಕಟ್ಟಿನದ್ದಲ್ಲ, ಪಡಸಾಲೆಯಲ್ಲಿ ಕೂರಿಸಿದ್ದು, ಹಣೆ ಕಟ್ಟಿದ್ದು. ನೋಡಿದ ಗುರುತು ಬೀಳುತ್ತದೆಯೇ ಎಂದು ಮಧ್ಯಾಹ್ನವೆಲ್ಲ ಪರದೆ ನೋಡುತ್ತ ಕುಳಿತೆ.

ಅವಳು ಬರುವ ತನಕ ಎತ್ತಬಾರದು ಎಂದು ಹುಲಿಗೆಮ್ಮ ಹಟ ಹಿಡಿದರು. ಫ್ರೀಜರ್ ಪೆಟ್ಟಿಗೆಗೆ ಹರಪನಹಳ್ಳಿಗೆ ಫೋನ್ ಮಾಡಿದೆವು. ಆ ಮಳೆಗಾಲದಲ್ಲಿ ಅದಕ್ಕೆ ಬಿಡುವಿರಲಿಲ್ಲ, ಯಾರದೋ ಮನೆಗೆ ಹೋಗಿತ್ತು. ಹೊರಗೆ ಮಳೆ ಜೋರಾಯಿತು. ಮಣ್ಣು ಮಾಡುವ ಜಾಗ ಎರೆ ಹೊಲದ ಅಂಚಿನಲ್ಲಿತ್ತು, ಗುಂಡಿ ತೋಡಿಯಾಗಿತ್ತು. ಕೇರಿಯ ಹಿರಿಯರೊಬ್ಬರು ಬಂದು ಬಾಗಿಲಲ್ಲಿ ನಿಂತರು.

“ತಾಯಿ, ಎರಿ ಮಣ್ಣು. ಕುಣಿ ದಂಡಿ ಕುಸಿಯಾಕ ಹತ್ತೈತಿ. ಹುಡುಗ್ರು ನೀರು ತೋಡಿ ತೋಡಿ ಹಾಕ್ಯಾರ. ಇನ್ನ ತಡದ್ರ ಕುಣಿನ ಉಳಿಯಾಂಗಿಲ್ಲ.”

“ಆಕಿ ಬರ್ತಾಳ.”

“ಆಕಿ ನಂಬಿಲ್ಲವ್ವ. ನಂಬದಿದ್ದೋರು ಎಲ್ಲಿಂದ ಬರ್ತಾರ?”

ಹುಲಿಗೆಮ್ಮ ಗಂಡನ ಮುಖ ನೋಡಿದರು. “ಇವರ ಜೀವ ಉಳೀಲಿ ಅಂತ ಮಾಡಿದ್ದೆ,” ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಆಮೇಲೆ, “ಎತ್ರಿ,” ಎಂದರು.

ಕುಣಿಯ ಪಕ್ಕದಲ್ಲಿ ಪ್ರಾರ್ಥನೆ ಹೇಳಿದವರು ಪಾಲಿಯಲ್ಲಿ ಸರಣಂ ಎನ್ನುವಾಗ, ನೋಡಲು ಬಂದಿದ್ದ ಊರಿನವರು ಅಭ್ಯಾಸಬಲದಿಂದ ಶರಣು ಎಂದು ಕೈಮುಗಿದರು. ಮೇಷ್ಟ್ರು ಇದ್ದಿದ್ದರೆ ಗಮನಿಸುತ್ತಿದ್ದರು. ಮಣ್ಣು ಒದ್ದೆಯಾಗಿ ಹೆಂಟೆ ಹೆಂಟೆಯಾಗಿ ಬೀಳುತ್ತಿತ್ತು.

ಅಲ್ಲಿಂದಲೇ ಡೆಸ್ಕಿಗೆ ಸುದ್ದಿ ಹೇಳಿದೆ. “ಈ ಸಲ ಖಚಿತ ತಾನೇ?” ಎಂದು ಕೇಳಿದರು. ಖಚಿತ ಎಂದೆ. ನಿಧನದ ಸುದ್ದಿಗೆ ನಮ್ಮಲ್ಲಿ ಒಂದು ಮಾದರಿಯಿದೆ, ಅದರಂತೆ ಬರೆಸಿದೆ. ಕೊನೆಯ ಸಾಲು, ‘ಮೃತರಿಗೆ ಪತ್ನಿ, ತಂಗಿ ಇದ್ದಾರೆ.’ ಸಂಸಾರದ ಅಂಕಣ ಅಚ್ಚಾಗಲಿಲ್ಲ. ಕೇರಳದವನನ್ನು ಯಾರೂ ಕೇಳಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಫೋಟೊಗೆ ನೋಡಿದ ಗುರುತು ಬಿತ್ತು, ಅದರ ಹಿಂದೆಯೇ ಮೇಷ್ಟ್ರ ಫೋನ್ ರಿಂಗಾಯಿತು. ಹುಲಿಗೆಮ್ಮ ಮುಟ್ಟಲಿಲ್ಲ. ಖಾದರ್ ಸಾಬ್ ಎತ್ತಿದರು. ಆ ಕಡೆ ಅಳುವಿನ ದನಿ ಇರಲಿಲ್ಲ.

“ಮಣ್ಣಾತಾ?” ಎಂದು ಹನುಮಕ್ಕ ಕೇಳಿದಳು.

“ಆತವ್ವ.”

ಅವಳು ಫೋನ್ ಇಟ್ಟಳು.

ಮರುದಿನ ಮಳೆ ನಿಂತಿತ್ತು. ಮಗನೊಂದಿಗೆ ಬಂದಳು. ಮನೆಯೊಳಗೆ ಬರಲಿಲ್ಲ, ನೇರ ಹೊಲದ ಅಂಚಿಗೆ ನಡೆದಳು. ಹುಲಿಗೆಮ್ಮ, ಖಾದರ್ ಸಾಬ್, ನಾನು ಹಿಂದೆ ಹೋದೆವು. ಗುಡ್ಡೆಯ ಮಣ್ಣು ಮಳೆಗೆ ಕುಗ್ಗಿ ನಡುವೆ ತಗ್ಗಾಗಿತ್ತು. ಅದರ ಪಕ್ಕದಲ್ಲಿ ಕುಳಿತು ಅವಳು ಅತ್ತಳು. ಬಸ್ ನಿಲ್ದಾಣದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದೆ. ಇದೂ ಹಾಗೆಯೇ ಇತ್ತು, ಅದೇ ದನಿ, ಅದೇ ಮಾತುಗಳು. ಹುಲಿಗೆಮ್ಮ ದೂರದಲ್ಲೇ ನಿಂತಿದ್ದರು. ಬೈಗುಳಕ್ಕೆ, ಹೊಡೆತಕ್ಕೆ ಸಿದ್ಧವಾಗಿ ನಿಂತಂತಿತ್ತು.

ಹನುಮಕ್ಕ ಬೈಯಲಿಲ್ಲ. ದನಿ ಇಳಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅತ್ತಿಗೆಯ ಕಡೆ ತಿರುಗಿದಳು.

“ಅತ್ತಿಗಿ, ನಾ ಅತ್ತೀನಿ. ಖರೇ ಅಂತ ನಂಬಿ ಅತ್ತೀನಿ. ಈಗ ಹೇಳು, ಸುಳ್ಳು ಅಂತ.”

ಹುಲಿಗೆಮ್ಮ ಹತ್ತಿರ ಬಂದು ಅವಳೆದುರು ಮಣ್ಣಿನಲ್ಲಿ ಕುಳಿತರು.

“ಹೇಳಬೇ,” ಎಂದಳು ಹನುಮಕ್ಕ. ಅಂದಿನಂತೆಯೇ ಬಾಯಿ ತೆರೆದಳು.

ಹುಲಿಗೆಮ್ಮ ಸೆರಗಿನ ತುದಿಯ ಗಂಟು ಬಿಚ್ಚಿದರು. ಅದರಲ್ಲಿ ಏನೂ ಇರಲಿಲ್ಲ.